ಸುತ್ತೋಲೆ ನೋಡಿ ಮಾಲು ತರಿಸಿ: ಆರೋಗ್ಯ ನೀತಿ ಮತ್ತು ಕ್ರೀಡಾ ಉಡುಪಿನ ವ್ಯಾಪಾರ

2025ರ ಸೆಪ್ಟೆಂಬರ್ 22ರಂದು ಒಂದೇ ಬೆಳಗ್ಗೆ ಮೂರು ದರ ಬದಲಾದವು. ಜಿಮ್ ಮತ್ತು ಯೋಗ ಕೇಂದ್ರಗಳ ಶುಲ್ಕದ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ₹2,500ರ ಒಳಗಿನ ಬಟ್ಟೆ, ಬೂಟು ಎಲ್ಲವೂ ಶೇ 5ಕ್ಕೆ ಬಂದವು. ಅದಕ್ಕಿಂತ ಮೇಲಿನ ಬಟ್ಟೆ ಮಾತ್ರ ಶೇ 12ರಿಂದ ಶೇ 18ಕ್ಕೆ ಹತ್ತಿತು. ದಾದರ್‌ನಲ್ಲೋ ಪುಣೆಯ ತಿಲಕ್ ರಸ್ತೆಯಲ್ಲೋ ಮಾಪ್ಸಾದಲ್ಲೋ ಟ್ರ್ಯಾಕ್‌ಪ್ಯಾಂಟು, ರನ್ನಿಂಗ್ ಬೂಟು ಮಾರುವವರ ಗಲ್ಲಾಕ್ಕೆ ಈ ಮೂರೂ ಒಟ್ಟಿಗೆ ತಾಗಿದವು. ಅದೂ ನವರಾತ್ರಿಯ ಮೊದಲ ದಿನ.

ಆರೋಗ್ಯಕ್ಕೆ ಸಂಬಂಧಿಸಿದ ಸರ್ಕಾರಿ ತೀರ್ಮಾನಗಳು ಹೀಗೆಯೇ ಬರುತ್ತವೆ. ಕೆಲವು ತೆರಿಗೆಯ ರೂಪದಲ್ಲಿ, ಕೆಲವು ಶಾಲೆಯ ವೇಳಾಪಟ್ಟಿಯಲ್ಲಿ, ಕೆಲವು ಬಿಸಿಲಿನ ಎಚ್ಚರಿಕೆಯಾಗಿ, ಇನ್ನು ಕೆಲವು ಜಿಮ್‌ಗೆ ಬೀಗವಾಗಿ. ಯಾವುದಕ್ಕೆ ಮಾಲು ತರಿಸಬೇಕು, ಯಾವುದನ್ನು ಓದಿ ಮಡಚಿಡಬೇಕು, ಬಂದ ಲಾಭ ಆ ನೀತಿಯಿಂದಲೇ ಬಂತೆಂದು ಹೇಗೆ ಗೊತ್ತುಮಾಡಿಕೊಳ್ಳಬೇಕು ಎಂಬುದು ಈ ಬರಹದ ವಿಷಯ. ಮುಂಬೈ, ಪುಣೆ, ಗೋವಾದಲ್ಲಿ 200–600 ಚದರಡಿಯ ಅಂಗಡಿ ಇಟ್ಟವರನ್ನೂ ಸ್ವಂತ ಲೇಬಲ್ ಹೊಲಿಸುವವರನ್ನೂ ಮನಸ್ಸಿನಲ್ಲಿಟ್ಟು ಬರೆದದ್ದು.

ಘೋಷಣೆ ಬೇರೆ, ಆದೇಶ ಬೇರೆ

ಫಿಟ್ ಇಂಡಿಯಾ ಆಂದೋಲನ ಶುರುವಾದದ್ದು 2019ರ ಆಗಸ್ಟ್ 29ರಂದು, ಧ್ಯಾನ್‌ಚಂದ್ ಜನ್ಮದಿನದಂದು. ಭಾಷಣ ಕೇಳಿ ಯಾರೂ ಮರುದಿನ ಬೂಟು ಕೊಳ್ಳಲು ಬರುವುದಿಲ್ಲ. ಆದರೆ ಅದೇ ಆಂದೋಲನದಡಿ ಶಾಲೆಗಳಿಗೆ ಧ್ವಜ, 3 ಸ್ಟಾರ್, 5 ಸ್ಟಾರ್ ಎಂಬ ಮಾನ್ಯತೆ ಬಂದು, ಮಕ್ಕಳು ದಿನಕ್ಕೆ 60 ನಿಮಿಷ ಆಟದಲ್ಲಿರಬೇಕೆಂಬ ಷರತ್ತು ಸೇರಿತು. ವ್ಯಾಪಾರ ಹುಟ್ಟುವುದು ಆ ಷರತ್ತಿನಲ್ಲಿ. ಅದು ಒಬ್ಬ ಹೆಡ್‌ಮಾಸ್ಟರನ ವೇಳಾಪಟ್ಟಿಯನ್ನು ಬದಲಿಸುತ್ತದೆ, ವೇಳಾಪಟ್ಟಿ ಬದಲಾದರೆ ಮಗುವಿನ ಕಪಾಟು ಬದಲಾಗುತ್ತದೆ.

ಆದ್ದರಿಂದ ಯಾವುದೇ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾರ ದಿನಚರಿಯ ಹೊತ್ತನ್ನು ಬದಲಿಸುತ್ತದೆ? ಯಾವ ಜಾಗವನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ? ಯಾರ ಜೇಬಿನಿಂದ ಎಷ್ಟು ಹಣ ಬರುತ್ತದೆ? ಮೂರಕ್ಕೂ ಉತ್ತರ ಸಿಗದಿದ್ದರೆ ಅದು ಪೋಸ್ಟರ್ ಸುದ್ದಿ, ಮಾಲು ಬೇಡ. ಒಂದಕ್ಕಾದರೂ ಹೆಸರು ಹಿಡಿದು ಉತ್ತರ ಸಿಕ್ಕರೆ, ಉದಾಹರಣೆಗೆ ‘ವಾಸ್ಕೊದ ಆ ಶಾಲೆ’, ‘ಕೋಥ್ರುಡ್‌ನ ಈ ಮೈದಾನ’ ಎಂದು ಬೊಟ್ಟು ಮಾಡಿ ತೋರಿಸುವಂತಿದ್ದರೆ, ಲೆಕ್ಕ ಶುರುಮಾಡಿ.

ಒಂದು 200 ಪುಟದ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಆದೇಶದ ದಿನ, ಹೊರಡಿಸಿದವರು, ಜಾರಿಯ ದಿನ. ಬಲಪುಟದಲ್ಲಿ ಅಂಗಡಿಯಲ್ಲಿ ಮೊದಲ ಗಿರಾಕಿ ಅದರ ಬಗ್ಗೆ ಕೇಳಿದ ದಿನ, ಮೊದಲ ಗುಂಪು ಆರ್ಡರ್ ಬಂದ ದಿನ. ವರ್ಷ ತುಂಬುವಷ್ಟರಲ್ಲಿ ನಿಮ್ಮ ಬೀದಿಗೆ ಸುದ್ದಿ ತಲುಪಲು ಎಷ್ಟು ವಾರ ಬೇಕೆಂದು ಗೊತ್ತಾಗುತ್ತದೆ. ಆ ಸಂಖ್ಯೆಯನ್ನು ಹೊರಗಿನಿಂದ ಯಾರೂ ನಿಮಗೆ ಕೊಡಲಾರರು.

81 ದಿನದ ಪಾಠ

ಕೇಂದ್ರದ ಆದೇಶವನ್ನು ನೋಡಿ ಆರ್ಡರ್ ಕೊಡುವುದು ಎಷ್ಟು ಅಪಾಯವೆಂದು 2020ರ ಕೋವಿಡ್ ಲಾಕ್‌ಡೌನ್ ತೋರಿಸಿತು. ಅನ್‌ಲಾಕ್ 3ರ ನಿಯಮದಂತೆ ಕೇಂದ್ರ ಸರ್ಕಾರ ಜಿಮ್, ಯೋಗ ಕೇಂದ್ರಗಳಿಗೆ ಆಗಸ್ಟ್ 5ರಿಂದ ಅನುಮತಿ ಕೊಟ್ಟಿತು. ಮಹಾರಾಷ್ಟ್ರದಲ್ಲಿ ಜಿಮ್ ಬಾಗಿಲು ತೆರೆದದ್ದು ಅಕ್ಟೋಬರ್ 25ರಂದು, ದಸರೆಗೆ. ನಡುವೆ 81 ದಿನ. ಆಗಸ್ಟ್ 5ರಂದು 45 ದಿನದ ಉದ್ರಿಯಲ್ಲಿ ಜಿಮ್ ಮಾಲು ತರಿಸಿದವರಿಗೆ ಸೆಪ್ಟೆಂಬರ್ 19ಕ್ಕೆ ಪಾರ್ಟಿಗೆ, ಅಂದರೆ ಮಾಲು ಕೊಟ್ಟ ಸಗಟು ವ್ಯಾಪಾರಿಗೆ, ದುಡ್ಡು ಕೊಡಬೇಕಾಯಿತು, ಜಿಮ್ ತೆರೆಯುವುದಕ್ಕೆ ಇನ್ನೂ ಐದು ವಾರ ಉಳಿದಿತ್ತು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಬ್ರೇಕ್ ದಿ ಚೈನ್ ಆದೇಶದಡಿ ಮತ್ತೆ ಬೀಗ ಬಿತ್ತು.

ಆರೋಗ್ಯ ರಾಜ್ಯದ ವಿಷಯ. ಕೊನೆಯ ಮಾತು ರಾಜ್ಯ ಸರ್ಕಾರದ್ದು, ಕೆಲವೊಮ್ಮೆ ಮಹಾನಗರ ಪಾಲಿಕೆಯದ್ದು. ಪಣಜಿಯ ಆದೇಶ ಗಡಿಯಾಚೆಯ ಮಹಾರಾಷ್ಟ್ರದ ಸಾವಂತವಾಡಿಗೆ ಅನ್ವಯಿಸುವುದಿಲ್ಲ. ಎರಡೂ ಕಡೆ ಅಂಗಡಿ ಇದ್ದವರು ಎರಡು ಬೇರೆ ಪಟ್ಟಿ ಇಡಬೇಕು. ಮಹಾರಾಷ್ಟ್ರ ಸರ್ಕಾರದ ನಿರ್ಣಯಗಳು, ಅಂದರೆ ಎಲ್ಲರೂ ‘ಜಿಆರ್’ ಎನ್ನುವವು, ಸರ್ಕಾರಿ ಜಾಲತಾಣದಲ್ಲಿ ಮರಾಠಿಯಲ್ಲಿ ಸಿಗುತ್ತವೆ. ಇಲಾಖೆ ಮತ್ತು ದಿನಾಂಕ ಹಾಕಿ ಹುಡುಕಿ. ವಾಟ್ಸ್‌ಆ್ಯಪ್‌ನಲ್ಲಿ ಓಡುವ ಫೋಟೊ ನಂಬಿ ಮಾಲು ಎತ್ತಬೇಡಿ.

ಇಂಥ ಬೀಗದ ದಿನಗಳಿಗೆ ರ‍್ಯಾಕಿನ ಮಾಲನ್ನು ಎರಡು ಗುಂಪು ಮಾಡಿಡಿ. ಜಾಗ ಮುಚ್ಚಿದರೆ ಸಾಯುವ ಮಾಲು: ಈಜುಡುಗೆ, ಸ್ಟಡ್ ಬೂಟು, ತಂಡದ ಜೆರ್ಸಿ, ಬ್ಯಾಡ್ಮಿಂಟನ್‌ನ ಒಳಾಂಗಣ ಬೂಟು. ಮನೆಯೊಳಗೂ ಓಡುವ ಮಾಲು: ಟ್ರ್ಯಾಕ್‌ಪ್ಯಾಂಟು, ಶಾರ್ಟ್ಸ್, ಲೆಗ್ಗಿಂಗ್ಸ್, ಸಾದಾ ರೌಂಡ್‌ನೆಕ್. ಮೊದಲ ಗುಂಪು ನಿಮ್ಮ ಒಟ್ಟು ಬಂಡವಾಳದ ಮೂರನೇ ಒಂದು ಭಾಗ ದಾಟದಿರಲಿ. ಈಜುಕೊಳದ ಎದುರಿನ ಅಂಗಡಿಯವರಿಗೆ ಈ ಮಿತಿ ಹೊಂದದು. ಅವರು ಪಾರ್ಟಿಯ ಹತ್ತಿರ ವಾಪಸಿ ಷರತ್ತು ಬರೆಸಿಕೊಳ್ಳಲಿ.

₹2,500ರ ಗಡಿಯಲ್ಲಿ ಬೆಲೆ ಇಡುವುದು

ಇಲ್ಲಿ ನಿಧಾನವಾಗಿ ಓದಿ, ದಿನವೂ ತಪ್ಪಾಗುವ ಜಾಗ ಇದು. ಶೇ 5 ಅಥವಾ ಶೇ 18 ನಿರ್ಧಾರವಾಗುವುದು ಒಂದು ಉಡುಪಿನ ಅಥವಾ ಒಂದು ಜೊತೆ ಬೂಟಿನ ಮಾರಾಟ ಮೌಲ್ಯದ ಮೇಲೆ, ತೆರಿಗೆ ಸೇರುವ ಮುಂಚಿನ ಮೊತ್ತದ ಮೇಲೆ. ಡಬ್ಬಿಯ ಮೇಲಿನ ಎಂಆರ್‌ಪಿ ಮೇಲಲ್ಲ.

ತೆರಿಗೆ ಸೇರಿ ₹2,625ರ ತನಕ ಶೇ 5. ₹2,951ರಿಂದ ಶೇ 18. ನಡುವಿನ ₹2,626ರಿಂದ ₹2,950 ಎಂಬುದು ಲೆಕ್ಕ ಕೂಡದ ಪಟ್ಟಿ. ಬೂಟಿಗೆ ತೆರಿಗೆ ಸೇರಿ ₹2,799 ಎಂದು ಚೀಟಿ ಹಚ್ಚಿದಿರಿ ಎನ್ನಿ. ಶೇ 18ರಂತೆ ಬಿಡಿಸಿದರೆ ಮೂಲಬೆಲೆ ₹2,372, ಅದು ಶೇ 5ರ ಮಾಲಾಯಿತು. ಶೇ 5ರಂತೆ ಬಿಡಿಸಿದರೆ ₹2,665.71, ಅದು ಶೇ 18ರ ಮಾಲಾಯಿತು. ಎರಡೂ ಕೂಡುವುದಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಏನೋ ಒಂದು ಹಾಕಿಬಿಡುತ್ತದೆ, ವರ್ಷದ ಕೊನೆಗೆ ತಲೆನೋವು ನಿಮಗೆ. ಈ ಪಟ್ಟಿಯೊಳಗೆ ಬೆಲೆಯನ್ನೇ ಇಡಬೇಡಿ. ₹2,599 ಇಡಿ, ಇಲ್ಲವೇ ₹2,999.

ರಿಯಾಯಿತಿಯ ಲೆಕ್ಕವೂ ಇಲ್ಲಿ ವಿಚಿತ್ರ. ತೆರಿಗೆ ಬಿಟ್ಟು ₹2,700ರ ಬೂಟು ಗಿರಾಕಿಗೆ ₹3,186 ಬೀಳುತ್ತದೆ. ಬಿಲ್ಲಿನಲ್ಲೇ ಶೇ 8 ಕಡಿಮೆ ಮಾಡಿದರೆ ಮೂಲಬೆಲೆ ₹2,484, ತೆರಿಗೆ ಸೇರಿ ₹2,608.20. ನೀವು ಬಿಟ್ಟದ್ದು ₹216, ಗಿರಾಕಿಗೆ ಉಳಿದದ್ದು ₹577.80. ₹2,500ರಿಂದ ₹2,750ರವರೆಗಿನ ಮಾಲನ್ನು ಚೌಕಾಸಿಗೆ ಬಿಡುವ ಬದಲು ಮೊದಲೇ ₹2,500ಕ್ಕೆ ತಂದಿಡುವುದು ಜಾಣತನ. ರಿಯಾಯಿತಿ ಬಿಲ್ಲಿನ ಮೇಲೆ ಕಾಣಬೇಕು, ಆಮೇಲೆ ಕೈಗೆ ಕೊಟ್ಟ ನಗದು ಲೆಕ್ಕಕ್ಕೆ ಬಾರದು. ಮೇಲಂಗಿ, ಪ್ಯಾಂಟು ಸೇರಿದ ಟ್ರ್ಯಾಕ್‌ಸೂಟನ್ನು ಒಂದೇ ಬೆಲೆಗೆ ಬಿಲ್ ಮಾಡುವ ಮುಂಚೆ ನಿಮ್ಮ ಸಿಎ ಹತ್ತಿರ ಕೇಳಿಕೊಳ್ಳಿ.

ಜಿಮ್‌ಗಳಿಗೆ ಸಮವಸ್ತ್ರ ಪೂರೈಸುವವರು ಇನ್ನೊಂದನ್ನು ಗಮನಿಸಬೇಕು. ಜಿಮ್ ಶುಲ್ಕಕ್ಕೆ ಶೇ 5 ಬಂದದ್ದು ಇನ್‌ಪುಟ್ ಕ್ರೆಡಿಟ್ ಇಲ್ಲದೆ. ಮೊದಲು ತರಬೇತುದಾರರ ಟಿ-ಶರ್ಟ್ ಮೇಲೆ ಕೊಟ್ಟ ತೆರಿಗೆಯನ್ನು ಜಿಮ್ ಮಾಲೀಕ ಮುರಿದುಕೊಳ್ಳುತ್ತಿದ್ದ, ಈಗ ಅದು ಅವನ ಖರ್ಚು. ಹಾಗಾಗಿ ಅವನಿಗೆ ₹350 ಪ್ಲಸ್ ಜಿಎಸ್‌ಟಿ ಎಂದು ಹೇಳಬೇಡಿ. ₹367.50 ಎಂದು ಪೂರ್ತಿ ಬೆಲೆಯನ್ನೇ ಹೇಳಿ. ಜಿಮ್‌ಗೆ ಜನ ಹೆಚ್ಚಿದರೂ ಜಿಮ್ ಮಾಲೀಕನ ಕೈ ಬಿಗಿಯಾಗಿರಬಹುದು. ಹೊಸ ಸದಸ್ಯ ನಿಮ್ಮ ಅಂಗಡಿಗೆ ನೇರ ಬರುವಂತೆ ಜಿಮ್‌ನ ರಿಸೆಪ್ಷನ್‌ನಲ್ಲಿ ಚೀಟಿ ಇಡುವುದು ಸಮವಸ್ತ್ರದ ಆರ್ಡರಿಗಿಂತ ಹೆಚ್ಚು ಫಲ ಕೊಡುತ್ತದೆ.

ಶಾಲೆಗಳು

ಸಿಬಿಎಸ್‌ಇ 2018–19ರಿಂದ 9ರಿಂದ 12ನೇ ತರಗತಿಗಳಿಗೆ ದಿನವೂ ಆರೋಗ್ಯ ಮತ್ತು ದೈಹಿಕ ಶಿಕ್ಷಣದ ಪಿರಿಯಡ್ ಕಡ್ಡಾಯ ಮಾಡಿತು. ವಾರಕ್ಕೆರಡು ಸಲ ಪಿಟಿ ಇದ್ದಾಗ ಒಂದು ಜೊತೆ ಸಾಕು. ದಿನವೂ ಇದ್ದರೆ ಎರಡು ಬೇಕು, ಜುಲೈನಲ್ಲಿ ಮುಂಬೈಯಲ್ಲಿ ಒಗೆದ ಬಟ್ಟೆ ಎರಡು ದಿನ ಒಣಗದೆ ತೂಗಾಡುವಾಗ ಮೂರು. ಹಾಗೆಂದು 600 ಮಕ್ಕಳ ಶಾಲೆಗೆ 600 ಹೆಚ್ಚಿನ ಜೊತೆ ತರಿಸಿದರೆ ಗೋಡೌನ್ ತುಂಬುತ್ತದೆ. ಬಹಳಷ್ಟು ತಾಯಂದಿರು ಅಣ್ಣನದ್ದನ್ನು ತಮ್ಮನಿಗೆ ಇಳಿಸುತ್ತಾರೆ. ಮೊದಲ ವರ್ಷ ಮಕ್ಕಳ ಸಂಖ್ಯೆಯ ಅರ್ಧದಷ್ಟು ಹೆಚ್ಚುವರಿ ಜೊತೆ ಮಾತ್ರ ತನ್ನಿ. ಉಳಿದದ್ದಕ್ಕೆ ಬಟ್ಟೆ ಮಾತ್ರ ಕಾದಿರಿಸಿ, ಹೊಲಿಸಬೇಡಿ.

ಬಟ್ಟೆ ಕಾದಿರಿಸುವುದಕ್ಕೆ ಕಾರಣ ಬಣ್ಣ. ಶಾಲೆಯಲ್ಲಿ ಬೇರೆ ಬೇರೆ ಬಣ್ಣದ ನಾಲ್ಕು ಹೌಸ್ (ಮಕ್ಕಳ ತಂಡ), 22ರಿಂದ 40ರವರೆಗೆ ಹತ್ತು ಸೈಜು, ಒಟ್ಟು ನಲವತ್ತು ಬಗೆ. ತಿರುಪ್ಪೂರಿನಿಂದಾಗಲಿ ಲುಧಿಯಾನದಿಂದಾಗಲಿ ಎರಡನೇ ಸಲ ತರಿಸಿದ ಹಸಿರು ಮೊದಲಿನ ಹಸಿರಿನ ಪಕ್ಕ ನಿಂತಾಗ ಬೇರೆಯೇ ಕಾಣುತ್ತದೆ, ಸಾಲಾಗಿ ನಿಲ್ಲುವ ಪ್ರಾರ್ಥನೆಯಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಒಂದೇ ಲಾಟಿನ ಬಟ್ಟೆಯನ್ನು ವರ್ಷಕ್ಕಾಗುವಷ್ಟು ಎತ್ತಿ, ಹೊಲಿಗೆಯನ್ನು ಕಂತಿನಲ್ಲಿ ಮಾಡಿಸಿ. ಪ್ರತಿ ಲಾಟಿನ ಒಂದು ಅಂಗೈಯಗಲ ತುಂಡನ್ನು ದಿನಾಂಕ ಬರೆದು ಫೈಲಿಗೆ ಹಚ್ಚಿಡಿ.

ಕ್ಯಾಲೆಂಡರ್ ಕೂಡ ನೀತಿಯೇ. ಮಹಾರಾಷ್ಟ್ರದ ರಾಜ್ಯ ಮಂಡಳಿ ಶಾಲೆಗಳು ಜೂನ್ ಮಧ್ಯದಲ್ಲಿ ತೆರೆಯುತ್ತವೆ, ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲಿ. ಗೋವಾ 2025ರಲ್ಲಿ 6ರಿಂದ 10 ಮತ್ತು 12ನೇ ತರಗತಿಗಳ ವರ್ಷವನ್ನು ಏಪ್ರಿಲ್‌ಗೆ ತಂದಿತು. ಮೇ ಕೊನೆಗೆ ಮಾಲು ಇಳಿಸುವ ಹಳೆಯ ರೂಢಿಯಲ್ಲಿದ್ದವರಿಗೆ ಇಂಥ ಒಂದು ತೀರ್ಮಾನ ಎರಡು ತಿಂಗಳ ವ್ಯಾಪಾರ ತಪ್ಪಿಸುತ್ತದೆ. ಜನವರಿಯಲ್ಲೇ ಶಾಲೆಯ ಕಚೇರಿಗೆ ಹೋಗಿ ಮೂರು ವಿಷಯ ಬರೆಸಿಕೊಳ್ಳಿ: ತೆರೆಯುವ ದಿನ, ಪಿಟಿ ಪಿರಿಯಡ್‌ಗಳ ಸಂಖ್ಯೆ, ಉದ್ದ ತೋಳಿಗೆ ಅನುಮತಿ ಉಂಟೋ ಎಂದು. ಕೊನೆಯದು ಸಣ್ಣದೆನಿಸಬಹುದು. ಆದರೆ ಮಳೆಗಾಲದಲ್ಲಿ ಡೆಂಗ್ಯೂ ಎಚ್ಚರಿಕೆ ಬಂದಾಗ ಮೈತುಂಬ ಬಟ್ಟೆ ಹಾಕಿಸಿ ಎಂದು ಆರೋಗ್ಯ ಇಲಾಖೆ ಹೇಳುತ್ತದೆ, ಶಾಲೆ ಶಾರ್ಟ್ಸ್ ಬದಲು ಟ್ರ್ಯಾಕ್‌ಪ್ಯಾಂಟಿಗೆ ಒಪ್ಪುತ್ತದೆ. ಆಗ ನಿಮ್ಮಲ್ಲಿ 28, 30, 32 ಸೈಜು ಇರಬೇಕು.

ಯಾರು ಹೊಸದಾಗಿ ನಡೆಯಲು ಶುರುಮಾಡುತ್ತಿದ್ದಾರೆ?

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್–ಇಂಡಿಯಾಬ್ ಅಧ್ಯಯನದಲ್ಲಿ ಮಧುಮೇಹದ ಪ್ರಮಾಣ ಅತಿ ಹೆಚ್ಚು ಕಂಡದ್ದು ಗೋವಾದಲ್ಲಿ, ಶೇ 26.4. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ ಸೂಚಿಸುತ್ತದೆ. ಸರ್ಕಾರಿ ತಪಾಸಣೆ ಶಿಬಿರದಿಂದ ಹೊರಬಂದು ‘ನಡೀರಿ’ ಎಂಬ ಮಾತು ಕೇಳಿಸಿಕೊಂಡವರು ಯಾರು? 50 ದಾಟಿದ ಗಂಡಸರು, ಸೀರೆ ಅಥವಾ ಸಲ್ವಾರ್‌ನಲ್ಲೇ ನಡೆಯುವ ಹೆಂಗಸರು. ಜಾಹೀರಾತಿನ ಮಾಡೆಲ್‌ಗಳ ಮೈಕಟ್ಟು ಇವರದ್ದಲ್ಲ.

ಸಗಟು ಪಾರ್ಟಿ ಕಳಿಸುವ ಸಾಮಾನ್ಯ ಸೆಟ್ಟಿನಲ್ಲಿ ಎಸ್ 1, ಎಂ 2, ಎಲ್ 2, ಎಕ್ಸೆಲ್ 1 ಇರುತ್ತದೆ. ಈ ಗಿರಾಕಿಗಳಿಗೆ ಅದು ಉಲ್ಟಾ. ಎಂ 1, ಎಲ್ 2, ಎಕ್ಸೆಲ್ 2, ಡಬಲ್ ಎಕ್ಸೆಲ್ 1, 3 ಎಕ್ಸೆಲ್ 1 ಎಂದು ಒತ್ತಾಯಿಸಿ ತರಿಸಿ. ಇಲ್ಲದಿದ್ದರೆ ಎರಡು ತಿಂಗಳಲ್ಲಿ ಎಸ್ ಮಾತ್ರ ಉಳಿದು ಕಟ್ ಸೈಜ್ (ಸೆಟ್ ಮುರಿದು ಉಳಿದ ಬಿಡಿ ಸೈಜು) ಗುಡ್ಡೆಯಾಗುತ್ತದೆ. ಟ್ರ್ಯಾಕ್‌ಪ್ಯಾಂಟಿಗೆ ಜಿಪ್ ಇರುವ ಆಳದ ಜೇಬು ಬೇಕು, ಫೋನು, ಮನೆ ಬೀಗದ ಕೈ, ಹಾಲಿನ ದುಡ್ಡು ಅದರಲ್ಲೇ ಹೋಗಬೇಕು. ಹೆಂಗಸರಿಗೆ ಮೊಣಕಾಲಿನ ತನಕ ಬರುವ ಉದ್ದನೆಯ ಟಿ-ಶರ್ಟ್, ಬದಿಯಲ್ಲಿ ಸೀಳು.

ಬೂಟಿನ ವಿಷಯದಲ್ಲಿ ಮಧುಮೇಹಿಗಳಿಗೆ ಎಚ್ಚರ ಹೆಚ್ಚು ಬೇಕು, ಬೆರಳಿನ ಗಾಯ ಅವರಿಗೆ ಗೊತ್ತೇ ಆಗದಿರಬಹುದು. ಸಂಜೆ ಬಂದು ಅಳತೆ ಕೊಡಿ ಎನ್ನಿ, ದಿನವಿಡೀ ನಿಂತ ಪಾದ ಊದಿರುತ್ತದೆ. ಎರಡೂ ಪಾದ ಅಳೆದು ದೊಡ್ಡದರ ಸೈಜು ಕೊಡಿ, ಉದ್ದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರಲಿ, ಮುಂಭಾಗ ಅಗಲವಿರಲಿ. ಕಾಲುಚೀಲದ ಎಲಾಸ್ಟಿಕ್ ಬಿಗಿಯಾಗಿರಬಾರದು. ಇದು ‘ಶುಗರ್ ಬೂಟು’ ಎಂದು ಮಾತ್ರ ಹೇಳಬೇಡಿ. ಯಾಕೆಂದು ಮುಂದೆ ಬರುತ್ತದೆ.

ಇಂಥ ಗಿರಾಕಿಗಳು ನಿಮ್ಮ ಸುತ್ತ ಎಷ್ಟಿದ್ದಾರೆಂದು ಎಣಿಸಲು ಕಂಪನಿ ಸಮೀಕ್ಷೆ ಬೇಡ. ಬೆಳಗ್ಗೆ 6ರಿಂದ 8ರವರೆಗೆ ಒಂದೇ ಜಾಗದಲ್ಲಿ ನಿಲ್ಲಿ: ಶಿವಾಜಿ ಪಾರ್ಕ್, ಪುಣೆಯ ತಳಜಾಯಿ ಅಥವಾ ವೇತಾಳ ಟೇಕಡಿ, ಮಿರಾಮಾರ್ ಕಡಲತೀರ. ಒಂದು ಮಂಗಳವಾರ, ಒಂದು ಶನಿವಾರ, ಒಂದು ಭಾನುವಾರ. ಪ್ರತಿ ದಿನ ಮೊದಲ 100 ಜನರನ್ನು ನೋಡಿ ನಾಲ್ಕು ಗೆರೆ ಹಾಕಿ: ಕ್ರೀಡಾ ಬೂಟು ಮತ್ತು ಉಡುಪು ಎರಡೂ ಇದ್ದವರು, ಬೂಟು ಮಾತ್ರ, ಉಡುಪು ಮಾತ್ರ, ಎರಡೂ ಇಲ್ಲದವರು. ಚಪ್ಪಲಿಯಲ್ಲಿ ನಡೆಯುವವರ ಗೆರೆ ಉದ್ದವಿದ್ದರೆ ಬೂಟಿಗೆ ಹಣ ಹಾಕಿ. ಮುಂಬೈ ಕೋಸ್ಟಲ್ ರಸ್ತೆಯ ಕಾಲ್ದಾರಿಯಂಥ ಹೊಸ ಜಾಗ ತೆರೆದಾಗ (ಅದು ಜನರಿಗೆ ತೆರೆದದ್ದು 2025ರ ಆಗಸ್ಟ್‌ನಲ್ಲಿ) ಮೊದಲ ತಿಂಗಳು ಎಣಿಸಬೇಡಿ. ಆಗ ಬರುವವರು ಸೆಲ್ಫಿಗೆ ಬಂದವರು. ಮೂರನೇ ತಿಂಗಳು ಎಣಿಸಿ.

ಕ್ರೀಡಾಂಗಣಗಳಿಗೂ ಇದೇ ಮಾತು. ಗೋವಾದಲ್ಲಿ 2023ರ ರಾಷ್ಟ್ರೀಯ ಕ್ರೀಡಾಕೂಟ ಮುಗಿದ ಮರುದಿನ ಅದರ ಲಾಂಛನದ ಟೋಪಿಗೆ ಬೆಲೆ ಉಳಿಯಲಿಲ್ಲ. ಫಾತೋರ್ಡಾ, ಪೆಡ್ಡೆಂ, ಬಾಂಬೋಳಿಯ ಅಂಕಣಗಳು ಉಳಿದವು. ಪುಣೆಯ ಬಾಲೇವಾಡಿಯೂ 1994ರ ರಾಷ್ಟ್ರೀಯ ಕ್ರೀಡಾಕೂಟದಿಂದ 2019ರ ಖೇಲೊ ಇಂಡಿಯಾ ತನಕ ಹಾಗೆಯೇ ಉಳಿದು ಬೆಳೆದದ್ದು. ಅಲ್ಲಿ ಯಾವ ತರಬೇತಿ ಯಾವ ಹೊತ್ತಿಗೆ ನಡೆಯುತ್ತದೆಂಬ ಪಟ್ಟಿ ತಂದು ಅಂಗಡಿಯ ಗೋಡೆಗೆ ಹಚ್ಚಿ, ಅದಕ್ಕೆ ತಕ್ಕ ಮಾಲು ಇಡಿ.

ಬಿಸಿಲು, ಹೊಗೆ, ಮಳೆ

ಕರಾವಳಿಯಲ್ಲಿ ಉಷ್ಣಾಂಶ 37 ಡಿಗ್ರಿ ಮುಟ್ಟಿ ಸಾಮಾನ್ಯಕ್ಕಿಂತ 4.5 ಡಿಗ್ರಿ ಹೆಚ್ಚಾದರೆ ಹವಾಮಾನ ಇಲಾಖೆ ಬಿಸಿಗಾಳಿ ಎನ್ನುತ್ತದೆ. ಬಯಲು ಸೀಮೆಗೆ ಆ ಗಡಿ 40. 2023ರ ಏಪ್ರಿಲ್‌ನಲ್ಲಿ ನವಿ ಮುಂಬೈಯ ಖಾರ್ಘರ್‌ನ ಬಯಲು ಸಮಾರಂಭದಲ್ಲಿ ಬಿಸಿಲಿಗೆ ಜನ ಸತ್ತ ಮೇಲೆ ಮಹಾರಾಷ್ಟ್ರದಲ್ಲಿ ಇಂಥ ಎಚ್ಚರಿಕೆಗಳನ್ನು ಯಾರೂ ಹಗುರವಾಗಿ ನೋಡುವುದಿಲ್ಲ. ಬೇಸಗೆ ಶಿಬಿರಗಳು ಬೆಳಗಿನ ತಂಪು ಹೊತ್ತಿಗೆ ಸರಿಯುತ್ತವೆ. ಮಾರ್ಚ್ 10ರೊಳಗೆ ತಿಳಿಬಣ್ಣದ ಉದ್ದತೋಳಿನ ಟಿ-ಶರ್ಟ್, ಕತ್ತು ಮುಚ್ಚುವ ಟೋಪಿ ಅಂಗಡಿಯಲ್ಲಿರಲಿ.

ಓಟದ ಪಾಲಿಯೆಸ್ಟರ್ ಟಿ-ಶರ್ಟಿಗೆ 130ರಿಂದ 150 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) ಸರಿ, ಲೆಗ್ಗಿಂಗ್ಸ್‌ಗೆ 220ರಿಂದ 250. ಬೆವರು ಹೀರುವ ಗುಣ ನೂಲಿನಲ್ಲಿದೆಯೋ ಮೇಲಿನ ರಾಸಾಯನಿಕದಲ್ಲಿದೆಯೋ ಎಂದು ತಿಳಿಯಲು ಬಟ್ಟೆಯ ಮೇಲೆ ಒಂದು ಹನಿ ನೀರು ಹಾಕಿ. ಎರಡು ಮೂರು ಸೆಕೆಂಡಿನಲ್ಲಿ ಹರಡಬೇಕು. ಆಮೇಲೆ ಹತ್ತು ಸಲ ಒಗೆದು ಮತ್ತೆ ಹಾಕಿ. ಹನಿ ಮುತ್ತಿನಂತೆ ನಿಂತರೆ ಗುಣ ರಾಸಾಯನಿಕದ್ದು, ತೊಳೆದುಹೋಯಿತು. ಸಗಟು ಆರ್ಡರಿಗೆ ಮುಂಚೆ ಮಾಡಬೇಕಾದ ಪರೀಕ್ಷೆ ಇದು, ಬಹಳ ಜನ ದೂರು ಬಂದ ಮೇಲೆ ಮಾಡುತ್ತಾರೆ. ಗಿರಾಕಿಗೆ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ ಎಂದೂ ಹೇಳಿ, ಅದು ನೂಲಿನ ಮೇಲೆ ಪದರ ಕಟ್ಟಿ ಹೀರಿಕೆಯನ್ನು ತಡೆಯುತ್ತದೆ.

ಡಿಸೆಂಬರ್, ಜನವರಿಯಲ್ಲಿ ಮುಂಬೈಯ ಗಾಳಿ ಕೆಡುತ್ತದೆ. ವಾಯು ಗುಣಮಟ್ಟದ ಸೂಚ್ಯಂಕ 200 ದಾಟಿದರೆ ‘ಕಳಪೆ’. ಆದರೆ ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್ ಇರುವುದರಿಂದ ಓಟದ ಮಾಲಿಗೆ ಬೇಡಿಕೆ ಅದೇ ಹೊತ್ತಿನಲ್ಲಿ. ಗಂಭೀರ ಓಟಗಾರ ಗಾಳಿ ನೋಡಿ ಬೂಟು ಕೊಳ್ಳುವುದನ್ನು ನಿಲ್ಲಿಸುವುದಿಲ್ಲ, ಹೊಸಬ ನಿಲ್ಲಿಸುತ್ತಾನೆ. ಹೊಸಬರ ₹1,500ರ ಬೂಟನ್ನು ನವೆಂಬರ್ ಒಳಗೆ ಖಾಲಿ ಮಾಡಿ.

ಯೋಗ ದಿನದ ಆರ್ಡರ್, ಒಂದು ಮಾದರಿ

ಜೂನ್ 21ರ ಯೋಗ ದಿನ 2015ರಿಂದ ನಡೆಯುತ್ತಿದೆ. ಆರ್ಡರ್ ಬರುವುದು ಮೇ ಕೊನೆಗೆ, ಮಳೆ ಮುಂಬೈ ಮುಟ್ಟುವುದು ಜೂನ್ 11ರ ಆಸುಪಾಸು. 500 ಟಿ-ಶರ್ಟಿನ ಆರ್ಡರ್ ಎಂದಿಟ್ಟುಕೊಳ್ಳಿ.

1. ಹೆಸರಿನ ಬದಲು ಸೈಜಿನ ಪಟ್ಟಿ ಕೇಳಿ. ಪಟ್ಟಿ ಇಲ್ಲದಿದ್ದರೆ ಎಸ್ 40, ಎಂ 130, ಎಲ್ 170, ಎಕ್ಸೆಲ್ 110, ಡಬಲ್ ಎಕ್ಸೆಲ್ 50. ಮೇಲೆ 20 ಹೆಚ್ಚು ಹೊಲಿಸಿ, ಎಲ್ ಮತ್ತು ಎಕ್ಸೆಲ್‌ನಲ್ಲಿ.

2. ಬಿಳಿಗೆ 180 ಜಿಎಸ್‌ಎಂ. 140 ಇಟ್ಟರೆ ಮಳೆಯಲ್ಲಿ ನೆನೆದಾಗ ಒಳಗಿನದೆಲ್ಲ ಕಾಣುತ್ತದೆ, ಮುಂದಿನ ವರ್ಷ ಹೆಂಗಸರ ತಂಡದಿಂದ ಆರ್ಡರ್ ಬರುವುದಿಲ್ಲ.

3. ಸಬ್ಲಿಮೇಷನ್ ಮುದ್ರಣ (ಬಿಸಿ ಕೊಟ್ಟು ಬಣ್ಣವನ್ನು ನೂಲಿಗೇ ಇಳಿಸುವುದು) ತಿಳಿಬಣ್ಣದ ಪಾಲಿಯೆಸ್ಟರಿಗೆ ಮಾತ್ರ. ಹತ್ತಿಗೆ ಮಾಡಿದರೆ ಎರಡು ಒಗೆತಕ್ಕೆ ಮಸುಕು. ಗಾಢ ಕೆಂಪು ಪಾಲಿಯೆಸ್ಟರ್ ಮೇಲೆ ಬಿಳಿ ಸ್ಕ್ರೀನ್ ಮುದ್ರಣ ಹಾಕಿದರೆ ಕೆಲ ದಿನಕ್ಕೆ ಆ ಬಿಳಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಬಟ್ಟೆಯ ಬಣ್ಣ ಮೇಲೆ ಹತ್ತಿಬರುತ್ತದೆ.

4. ಎದೆಯ ಮೇಲೆ ವರ್ಷ ಮುದ್ರಿಸಬೇಡಿ. ಹೆಚ್ಚುವರಿ 20 ಮುಂದಿನ ವರ್ಷಕ್ಕೆ ಓಡುತ್ತದೆ.

5. ಜೂನ್ 14ಕ್ಕೆ ಮಾಲು ನಿಮ್ಮ ಅಂಗಡಿಯಲ್ಲಿರಬೇಕು, ಮಳೆಗೆ ಲಾರಿ ಘಾಟಿಯಲ್ಲಿ ನಿಂತರೆ ಕೈಯಲ್ಲಿ ವಾರ ಉಳಿದಿರಲಿ.

6. ಅರ್ಧ ಮುಂಗಡ. ಸ್ವತಃ ಹೊಲಿಸುವ ಸಣ್ಣ ಘಟಕವಾಗಿ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಇದ್ದರೆ ಬಿಲ್ಲಿನ ಮೇಲೆ ಆ ಸಂಖ್ಯೆ ಹಾಕಿ, ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಬರಬೇಕೆಂಬುದು ಕಾನೂನು. ಬರೀ ಕೊಂಡು ಮಾರುವವರಿಗೆ ಈ ರಕ್ಷಣೆ ಇಲ್ಲ, ಅವರು ಮುಂಗಡವನ್ನು ಶೇ 70ಕ್ಕೆ ಏರಿಸಲಿ.

ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಊರಿನ ಹೆಸರಿನ ಸಣ್ಣ ಸಂಘಗಳ ಕ್ರೀಡಾಕೂಟಕ್ಕೂ ಇದೇ ಕ್ರಮ. ಅಲ್ಲಿ ಹಗ್ಗಜಗ್ಗಾಟದ ತಂಡಕ್ಕೆ ಮಾತ್ರ ಸೈಜಿನ ಲೆಕ್ಕ ಬೇರೆ, 3 ಎಕ್ಸೆಲ್ ಮರೆಯಬೇಡಿ.

ಚೀಟಿಯ ಮೇಲೆ ಏನು ಬರೆಯಬಾರದು

ಆರೋಗ್ಯದ ಗಾಳಿ ಬೀಸಿದಾಗ ಬಟ್ಟೆಗೂ ಔಷಧದ ಗುಣ ಹಚ್ಚುವ ಆಸೆ ಹುಟ್ಟುತ್ತದೆ. 1954ರ ಔಷಧ ಮತ್ತು ಚಮತ್ಕಾರಿ ಚಿಕಿತ್ಸೆ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಬೊಜ್ಜೂ ಇದೆ, ಮಧುಮೇಹವೂ ಇದೆ. ‘ಬೊಜ್ಜು ಕರಗಿಸುವ ಬೆಲ್ಟ್’, ‘ಶುಗರ್ ಇಳಿಸುವ ಬೂಟು’ ಎಂದು ಫಲಕ ಹಾಕುವುದು ಕಾನೂನಿನ ತೊಂದರೆಗೆ ಕೈಯಾರೆ ಬಾಗಿಲು ತೆರೆದಂತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ. ಬೇರೆಯವರಿಂದ ಹೊಲಿಸಿ ಸ್ವಂತ ಲೇಬಲ್ ಹಚ್ಚುವವರೂ ತಯಾರಕರೇ ಆಗುತ್ತಾರೆ.

ಮೊಣಕಾಲಿನ ಕ್ಯಾಪ್, ಸೊಂಟದ ಪಟ್ಟಿಯನ್ನು ನೋವಿನ ಅಥವಾ ರೋಗದ ಉಪಶಮನಕ್ಕೆಂದು ಮಾರಿದರೆ ಅದು ವೈದ್ಯಕೀಯ ಸಾಧನದ ಸಾಲಿಗೆ ಬರುತ್ತದೆ. ಅಂಥದನ್ನು ಮಾರಲು ರಾಜ್ಯದ ಎಫ್‌ಡಿಎಗೆ (ಆಹಾರ ಮತ್ತು ಔಷಧ ಆಡಳಿತಕ್ಕೆ) ಎಂಡಿ-41 ನಮೂನೆಯಲ್ಲಿ ಅರ್ಜಿ ಹಾಕಿ ಎಂಡಿ-42 ನೋಂದಣಿ ಪತ್ರ ಪಡೆಯಬೇಕು. ದೊಡ್ಡ ಮೊತ್ತದ ವ್ಯಾಪಾರವಿದ್ದರೆ ಪಡೆಯಿರಿ. ತಿಂಗಳಿಗೆ ನಾಲ್ಕು ಕ್ಯಾಪ್ ಮಾರುವವರು ಪಕ್ಕದ ಮೆಡಿಕಲ್ ಅಂಗಡಿಗೆ ಬಿಟ್ಟುಕೊಡುವುದೇ ಲೇಸು.

ಅಳೆದು ಹೇಳಬಹುದಾದ್ದನ್ನು ಅಳೆದೇ ಹೇಳಿ. ಯುಪಿಎಫ್ ಎಂಬುದು ಬಟ್ಟೆ ಬಿಸಿಲನ್ನು ಎಷ್ಟು ತಡೆಯುತ್ತದೆಂಬ ಅಂಕಿ. ಯುಪಿಎಫ್ 50 ಎಂದರೆ ಅತಿನೇರಳೆ ಕಿರಣದ ಐವತ್ತರಲ್ಲಿ ಒಂದು ಪಾಲು, ಶೇ 2 ಮಾತ್ರ ಒಳಬರುತ್ತದೆ ಎಂದು. ತೆಳು ಬಿಳಿ ಹತ್ತಿ ಟಿ-ಶರ್ಟಿನ ಯುಪಿಎಫ್ ಸುಮಾರು 5. ಈ ಅಂಕಿಗೆ ಎಎಟಿಸಿಸಿ 183, ಬ್ಯಾಕ್ಟೀರಿಯಾ ತಡೆಗೆ ಎಎಟಿಸಿಸಿ 100 ಅಥವಾ ಐಎಸ್‌ಒ 20743 ಪರೀಕ್ಷೆಯ ವರದಿ ಬೇಕು. ಮುಂಬೈಯಲ್ಲೇ ಪ್ರಭಾದೇವಿಯ ಜವಳಿ ಸಮಿತಿ, ಘಾಟ್ಕೋಪರ್‌ನ ಬಿಟಿಆರ್‌ಎ, ವರ್ಲಿಯ ಸಸ್ಮಿರಾ ಎಂಬ ಪರೀಕ್ಷಾಲಯಗಳಿವೆ. ಹೊಸ ಬಟ್ಟೆಯ ಜೊತೆಗೆ 20 ಸಲ ಒಗೆದ ತುಂಡನ್ನೂ ಕೊಡಿ. ಪಾರ್ಟಿ ಕಳಿಸಿದ ವರದಿಯಲ್ಲಿ ಬಟ್ಟೆಯ ತೂಕ, ಬಣ್ಣ, ಲಾಟು ನಿಮ್ಮದರೊಂದಿಗೆ ಕೂಡದಿದ್ದರೆ ಅದು ಬೇರೆ ಯಾರದೋ ಬಟ್ಟೆಯ ವರದಿ. ಕ್ರೀಡಾ ಬೂಟಿಗೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಐಎಸ್ 15844 ಮಾನಕವಿದೆ. ಐಎಸ್‌ಐ ಗುರುತಿನ ಕೆಳಗಿನ ಸಿಎಂ/ಎಲ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದ್ದೆಂದು ಕಾಣುತ್ತದೆ.

ನೀತಿಯ ಪಾಲು ಎಷ್ಟು, ಹಬ್ಬದ ಪಾಲು ಎಷ್ಟು?

ಅಕ್ಟೋಬರ್ 2025ರ ವ್ಯಾಪಾರ ಅಕ್ಟೋಬರ್ 2024ಕ್ಕಿಂತ ಹೆಚ್ಚಾಯಿತೆಂದು ತೆರಿಗೆ ಇಳಿಕೆಗೆ ಜೈ ಎನ್ನುವ ಮುಂಚೆ ಪಂಚಾಂಗ ನೋಡಿ. ಲಕ್ಷ್ಮೀಪೂಜೆ 2024ರಲ್ಲಿ ನವೆಂಬರ್ 1ಕ್ಕಿತ್ತು, 2025ರಲ್ಲಿ ಅಕ್ಟೋಬರ್ 21ಕ್ಕೆ. ತಿಂಗಳಿಗೆ ತಿಂಗಳು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಪೂಜೆಗೆ ಮುಂಚಿನ 28 ದಿನ ಹಿಡಿಯಿರಿ: 2024ರಲ್ಲಿ ಅಕ್ಟೋಬರ್ 4ರಿಂದ, 2025ರಲ್ಲಿ ಸೆಪ್ಟೆಂಬರ್ 23ರಿಂದ.

ಈಗ ಬೂಟುಗಳನ್ನು ₹2,500ರ ಕೆಳಗಿನವು, ಮೇಲಿನವು ಎಂದು ಬೇರ್ಪಡಿಸಿ. ಹಬ್ಬ ಎರಡಕ್ಕೂ ಬಂದಿತ್ತು, ತೆರಿಗೆ ಇಳಿದದ್ದು ಕೆಳಗಿನದಕ್ಕೆ ಮಾತ್ರ. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ಕೆಳಗಿನವು 120 ಜೊತೆಯಿಂದ 180ಕ್ಕೆ, ಮೇಲಿನವು 40ರಿಂದ 50ಕ್ಕೆ. ಮೇಲಿನ ಸಾಲಿನ ಶೇ 25 ಏರಿಕೆ ಹಬ್ಬದ್ದು. ಅದೇ ದರದಲ್ಲಿ ಕೆಳಗಿನ ಸಾಲು 150 ಆಗಬೇಕಿತ್ತು, ಆದದ್ದು 180. ಹೆಚ್ಚಿನ 30 ಜೊತೆ ತೆರಿಗೆಯಿಂದ ಬಂದದ್ದು, ಅದೂ ಪೂರ್ತಿ ಅಲ್ಲ. ₹2,900ರ ಬೂಟು ನೋಡಲು ಬಂದು ₹2,400ರದ್ದು ಒಯ್ದವರು ಎರಡು ಕಡೆಯೂ ಲೆಕ್ಕ ಕೆಡಿಸುತ್ತಾರೆ. ಅದಕ್ಕೆ ಒಟ್ಟು ಲಾಭದ ರೂಪಾಯಿಯನ್ನೂ ಪಕ್ಕದಲ್ಲಿ ಬರೆಯಿರಿ. ಜೊತೆ ಹೆಚ್ಚಿ ರೂಪಾಯಿ ನಿಂತಲ್ಲೇ ನಿಂತಿದ್ದರೆ ಗಿರಾಕಿ ಕೆಳಗಿಳಿದಿದ್ದಾನೆ ಎಂದರ್ಥ.

ದರ ಇಳಿಸುವ ತೀರ್ಮಾನ ಸೆಪ್ಟೆಂಬರ್ 3ಕ್ಕೇ ಹೊರಬಿದ್ದಿತ್ತು. 19 ದಿನ ಕಾದು ಕೂತವರು ಮೊದಲ ವಾರದಲ್ಲೇ ಬಂದಿರುತ್ತಾರೆ. ಅವರು ಹೊಸ ಗಿರಾಕಿಗಳಲ್ಲ, ತಡವಾಗಿ ಬಂದ ಹಳಬರು. ಸೆಪ್ಟೆಂಬರ್ 3ರಿಂದ 21ರವರೆಗಿನ ಕುಸಿತವನ್ನು ಹಿಂದಿನ ವರ್ಷದ ಅದೇ ದಿನಗಳೊಂದಿಗೆ ಹೋಲಿಸಿ, ಅಷ್ಟು ಜೊತೆಯನ್ನು ಏರಿಕೆಯಿಂದ ಕಳೆಯಿರಿ. ಕಳೆದು ಉಳಿದ ಸಂಖ್ಯೆಯ ಮೇಲೆ ಮಾತ್ರ ಮುಂದಿನ ಸಗಟು ಆರ್ಡರ್ ಬರೆಯಿರಿ. ಮಾಲು ಬಂದು ಆರು ವಾರಕ್ಕೆ, ಮಾರಿದ್ದನ್ನು ಬಂದದ್ದರಿಂದ ಭಾಗಿಸಿದಾಗ ಶೇ 40 ಕೂಡ ದಾಟದಿದ್ದರೆ ಎಂಟನೇ ವಾರಕ್ಕೆ ಕಾಯದೆ ಬೆಲೆ ಇಳಿಸಿ.